ರೇಷ್ಮೆ ಕಳಚಿದ ತಂತಿ

ನಮ್ಮ ಬಾವ ಚನ್ನಲಿಂಗಪ್ಪನವರಿಗೆ ಗೊತ್ತಿಲ್ಲದ ವಿಷಯ ಚನ್ನಪಟ್ಟಣದಲ್ಲಿ ಯಾವುದೂ ಇರಲಿಲ್ಲ. ಅಪ್ಪಿತಪ್ಪಿ ಅಂಥದ್ದೊಂದು ಎದುರಾದರೆ, ಅದು ತಿಳಿದುಕೊಳ್ಳುವುದಕ್ಕೆ ಲಾಯಕ್ಕಾದದ್ದಲ್ಲ ಎಂದು ತೀರ್ಮಾನ ಮಾಡಿ ಮುಂದೆ ಹೋಗುತ್ತಿದ್ದರು. ಪೇಟೆ ಬೀದಿಯಲ್ಲಿ ಅವರದು ರೇಷ್ಮೆ ನೂಲಿನ ಅಂಗಡಿ. ಮನೆಯ ಹಿತ್ತಿಲಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಚರಕದ ಕೊಟ್ಟಿಗೆ. ನಾನು ಅವರ ತಮ್ಮನ ಹೆಂಡತಿ. ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಅವರ ಜ್ಞಾನವನ್ನು ಎಷ್ಟೋ ವರ್ಷ ಕೇಳಿದವಳು.

ಅವರಿಗೆ ಒಬ್ಬಳೇ ಮಗಳು, ದ್ರಾಕ್ಷಾಯಿಣಿ. ಅವಳನ್ನು ಕ್ಲೋಸ್‌ಪೇಟೆಗೆ, ಅಂದರೆ ಈಗ ಎಲ್ಲರೂ ರಾಮನಗರ ಅನ್ನುವ ಊರಿಗೆ, ಗವಿಸಿದ್ದಯ್ಯನವರ ಮಗ ಬಸವಲಿಂಗಯ್ಯನಿಗೆ ಕೊಟ್ಟಿತ್ತು. ಹುಡುಗ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಅಪ್ಪ ಹೇಳದೆ ಸೀನುತ್ತಲೂ ಇರಲಿಲ್ಲ. ಅಪ್ಪ ಗವಿಸಿದ್ದಯ್ಯನವರು ಗೂಡಿನ ವ್ಯಾಪಾರಿ. ನಮ್ಮ ಬಾವನವರ ಹಾಗೆಯೇ ಎಲ್ಲ ಬಲ್ಲವರು. ಒಂದೇ ಜಾತಕದ ಇಬ್ಬರು ಬೀಗರಾಗಬಾರದು ಅಂತ ಯಾವ ಜೋಯಿಸನೂ ಹೇಳುವುದಿಲ್ಲ. ಅವರು ನೋಡುವುದು ಗಂಡುಹೆಣ್ಣಿನ ಜಾತಕವನ್ನು ಮಾತ್ರ.

ಮೈಸೂರಿನಲ್ಲಿ ಆಕಾಶವಾಣಿ ಶುರುವಾದ ಮರುವರ್ಷ ಗವಿಸಿದ್ದಯ್ಯನವರು ಬೆಂಗಳೂರಿನಿಂದ ಒಂದು ರೇಡಿಯೋ ತಂದರು. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದಲ್ಲ, ಮಗಳನ್ನು ಕರೆತರಲು ಬಾವನವರು ಹೋದ ದಿನ ಆ ರೇಡಿಯೋಗೆ ಇನ್ನೂ ಸತ್ಕಾರ ನಡೆಯುತ್ತಲೇ ಇತ್ತು. ಅದನ್ನು ಕುರ್ಚಿಯ ಮೇಲೆ ಕೂರಿಸಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿದ್ದರು. ಬೀಗರಿಗೆ ಚಾಪೆ ಹಾಸಿದರು. ಇದಿಷ್ಟೇ ಆದ ಅನ್ಯಾಯ. ಆದರೆ ಬಾವನವರು ಊರಿಗೆ ಬಂದು ಅದನ್ನು ಹೇಳಿದ ರೀತಿ ಕೇಳಿದವರು ಅವರನ್ನು ಕಂಬಕ್ಕೆ ಕಟ್ಟಿ ಹೊಡೆದರು ಅಂತಲೇ ತಿಳಿದುಕೊಂಡರು.

ಚಾಪೆಯ ಮೇಲೆ ಕೂತು ಅವರು ಸುಮ್ಮನಿರಲಿಲ್ಲ.

"ಬೀಗ್ರೆ, ನಿಮ್ ಪೆಟ್ಗೆ ಬರೀ ಕೇಳ್ಸೋ ಪೆಟ್ಗೆ. ಮಾತು ಮೈಸೂರ್‌ನವ್ರದು, ಕಿವಿ ನಿಮ್ದು. ನಾನು ಮಾತಾಡೋ ಪೆಟ್ಗೇನೆ ಕಟ್ತೀನಿ. ಚನ್ನಪಟ್ಣದಲ್ಲಿ ಕೂತ್ಕಂಡು ನಿಮ್ ಕುರ್ಚಿ ಮೇಲೆ ಮಾತಾಡ್ತೀನಿ" ಅಂದರಂತೆ.

"ಕಟ್ಟಿ ಬುಡಿ. ನಿಮ್ ದನಿ ನನ್ ಪೆಟ್ಗೇಲಿ ಬಂದ್ ದಿನ ನಾನೇ ಬಂದು ಸೊಸೇನ ಕರ್ಕೊಂಡೋಯ್ತೀನಿ. ಅಲ್ಲೀಗಂಟ ಅವ್ಳು ನಿಮ್ಮನೇಲೆ ಇರ್ಲಿ, ಏನವಸ್ರ" ಅಂದರಂತೆ ಅವರು.

ಇಬ್ಬರೂ ಗಂಡಸರು ತೃಪ್ತಿಯಿಂದ ಎಲೆ ಅಡಿಕೆ ಹಾಕಿಕೊಂಡರು. ಸೀರೆ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ. ಪಂದ್ಯಕ್ಕೆ ಇಟ್ಟ ವಸ್ತುವನ್ನು ಯಾರು ಕೇಳುತ್ತಾರೆ?

ನಮ್ಮಲ್ಲಿ ಆಷಾಢಕ್ಕೆ ಬಂದ ಹೆಣ್ಣು ತಾನಾಗಿ ಹಿಂದಿರುಗುವಂತಿಲ್ಲ. ಶ್ರಾವಣ ಹುಟ್ಟಿದ ಮೇಲೆ ಗಂಡನ ಕಡೆಯವರು ಎಲೆ ಅಡಿಕೆ, ಹೂವು ಹಿಡಿದು ಬಂದು ಕರೆದೊಯ್ಯಬೇಕು. ಕರೆಯದೆ ಹೋದವಳಿಗೆ ಆ ಮನೆಯಲ್ಲಿ ಸಾಯುವವರೆಗೆ ಮರ್ಯಾದೆಯಿಲ್ಲ. ಕರೆಯಲು ಯಾರೂ ಬರದೆ ಉಳಿದವಳಿಗೆ ಈ ಊರಲ್ಲಿ ಮರ್ಯಾದೆಯಿಲ್ಲ. ಅಂತೂ ದ್ರಾಕ್ಷಾಯಿಣಿಯ ಬಾಳು ಒಂದು ಪೆಟ್ಟಿಗೆಯ ಮೇಲೆ ನಿಂತಿತು. ಆ ಪೆಟ್ಟಿಗೆಯಾದರೋ ಇನ್ನೂ ಹುಟ್ಟಿರಲಿಲ್ಲ.

ಬೊಂಬಾಯಿಯ ಒಂದು ಕಂಪನಿಗೆ ಬರೆದು ಬಾವನವರು ಅದನ್ನು ತರಿಸಿದರು. ಬಿಡಿಬಿಡಿಯಾಗಿ ಬಂದು ನಾವೇ ಜೋಡಿಸಿಕೊಳ್ಳಬೇಕಾದ ಯಂತ್ರ. ಗುಬುಟನ್ನು ಒಂದು ಕಡೆ ತಿರುಗಿಸಿದರೆ ಕೇಳಿಸುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ನಾವು ಮಾತಾಡಿದ್ದು ಗಾಳಿಯಲ್ಲಿ ಹೋಗುತ್ತದೆ. ಗಾಳಿಯಲ್ಲಿ ಮಾತಾಡಲು ಸರ್ಕಾರದ ಪರವಾನಗಿ ಬೇಕಿತ್ತು. ಬಾವನವರು ವರ್ಷಗಟ್ಟಲೆಯಿಂದ ಗಾಳಿಯಲ್ಲೇ ಮಾತಾಡಿಕೊಂಡು ಬಂದಿದ್ದರೂ ಈ ಸಲ ನಿಯಮ ಪ್ರಕಾರವೇ ತರಿಸಿಕೊಂಡರು.

ಪಾರ್ಸೆಲು ಬಿಚ್ಚಿದಾಗ ಮನೆಯವರೆಲ್ಲ ಸುತ್ತ ಕೂತೆವು. ಗುಂಡುಬದನೆಯ ಹಾಗಿದ್ದ ಗಾಜಿನ ವಾಲ್ವುಗಳು, ಕಪ್ಪು ಹಲಗೆ, ಕಿವಿಗೆ ಹಾಕುವ ಜೋಡಿ, ಬಾಯಿಯ ಹತ್ತಿರ ಹಿಡಿಯುವ ಬಟ್ಟಲು, ತಿರುಪು, ಮೊಳೆ. ತಂತಿ ಸುತ್ತುವ ಕೊಳವೆ ದಾರಿಯಲ್ಲಿ ಒಡೆದಿತ್ತು. ಬಾವನವರು ಅದಕ್ಕೆ ಹೆದರಲಿಲ್ಲ. ಬೊಂಬೆ ಕಡೆಯುವವರ ಬೀದಿಗೆ ಹೋಗಿ ಅದೇ ಅಳತೆಯ ಮರದ ಕೊಳವೆಗೆ ಕೆಂಪು ಹಳದಿ ಅರಗು ಬಳಿಸಿ ತಂದರು. ತೊಟ್ಟಿಲಿಗೆ ಕಟ್ಟುವ ಗಿಲಕಿಯ ಹಾಗೆ ಚೆನ್ನಾಗಿಯೇ ಇತ್ತು. ಕೊನೆಗೆ ಪೆಟ್ಟಿಗೆಯ ತಳದಲ್ಲಿ ತಾಮ್ರದ ತಂತಿಯ ಸುರುಳಿ ಸಿಕ್ಕಿತು. ಕೂದಲಿಗಿಂತ ಒಂದಿಷ್ಟು ದಪ್ಪ. ಮೈತುಂಬ ಹಸಿರು ರೇಷ್ಮೆ.

ಇನ್ನೊಂದು ಮನೆಯಲ್ಲಾಗಿದ್ದರೆ ತಂತಿ ತಂತಿಯಾಗಿ ಉಳಿಯುತ್ತಿತ್ತು. ಅದು ಬಂದು ಬಿದ್ದದ್ದು ರೇಷ್ಮೆಯವರ ಕೈಗೆ. ಬಾವನವರು ತುದಿಯನ್ನು ಉಗುರಿನಿಂದ ಕೆದಕಿ, ಎಳೆ ತೆಗೆದು, ಬೆಳಕಿಗೆ ಹಿಡಿದು, ನಾಲಿಗೆಗೆ ತಾಕಿಸಿ ಮುಖ ಹುಳಿ ಮಾಡಿದರು. ಜಪಾನಿನ ಕಳಪೆ ಮಾಲು ಎಂದರು. ಆಗ ಜಪಾನಿನ ಅಗ್ಗದ ರೇಷ್ಮೆ ಬಂದು ನಮ್ಮವರ ಹೊಟ್ಟೆಗೆ ಕಲ್ಲು ಹಾಕುತ್ತಿದ್ದ ಕಾಲ, ಹಾಗಾಗಿ ಅವರ ಹುಳಿ ಮುಖಕ್ಕೆ ಕಾರಣವಿಲ್ಲದೆ ಇರಲಿಲ್ಲ. ದೂರದ ಪ್ರಯಾಣದಲ್ಲಿ ತಾಮ್ರ ಕಿಲುಬು ಹಿಡಿಯದಿರಲಿ ಅಂತ ಕಂಪನಿಯವರು ಸುತ್ತಿ ಕಳಿಸಿದ್ದಾರೆ, ಪಾತ್ರೆ ಅಂಗಡಿಯವನು ಹುಲ್ಲು ಸುತ್ತಿ ಕೊಡುವುದಿಲ್ಲವೇ, ಹಾಗೆ ಎಂದು ನಮಗೆಲ್ಲ ವಿವರಿಸಿದರು. ನಮಗೂ ಸರಿ ಅನ್ನಿಸಿತು. ಹುಲ್ಲು ಸಮೇತ ಯಾರೂ ಬಿಂದಿಗೆಯನ್ನು ಒಲೆಗಿಡುವುದಿಲ್ಲ.

ಕೊಟ್ಟಿಗೆಯಲ್ಲಿ ನೂಲು ತೆಗೆಯುವವಳು ಮಜೀದಾ. ಅವಳನ್ನು ಕರೆದು ತಂತಿಯ ಮೇಲಿನ ರೇಷ್ಮೆಯನ್ನೆಲ್ಲ ಚರಕದ ಮೇಲೆ ಬಿಚ್ಚಿಸಿದರು. ಒಂದು ಎಳೆಯೂ ತುಂಡಾಗದ ಹಾಗೆ ಅವಳು ಬಿಚ್ಚಿದಳು. ಆ ಹಸಿರು ಲಡಿಯನ್ನು ಬಾವನವರು ಅಂಗಡಿಯ ಮೊಳೆಗೆ ನೇತುಹಾಕಿ, ಬಂದ ಗಿರಾಕಿಗಳಿಗೆಲ್ಲ ಪರದೇಶದ ಮೋಸ ಹೇಗಿರುತ್ತದೆ ನೋಡಿ ಎಂದು ತೋರಿಸುತ್ತಿದ್ದರು. ಬೆತ್ತಲೆ ತಂತಿಯನ್ನು ಹುಣಿಸೆಹಣ್ಣು ಹಾಕಿ ಫಳಫಳ ಬೆಳಗಿ, ಬೊಂಬೆಯ ಕೊಳವೆಗೆ ಒತ್ತೊತ್ತಾಗಿ ಸುತ್ತಿದರು. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಇರುವೆ ನುಗ್ಗಲೂ ಜಾಗವಿರಲಿಲ್ಲ. ಅಷ್ಟು ಅಚ್ಚುಕಟ್ಟು.

ಜೋಡಣೆಯ ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಅದನ್ನು ಓದಲು ರೈಲ್ವೆ ಸ್ಟೇಷನ್ನಿನ ತಂತಿ ಗುಮಾಸ್ತ ನರಸಯ್ಯ ಬರುತ್ತಿದ್ದ. ದಿನವಿಡೀ ಟೆಲಿಗ್ರಾಫಿನ ಕಟ್ಟುಕಡ ಬಡಿಯುವವನು, ವಿದ್ಯುತ್ತಿನ ನಾಡಿ ಬಲ್ಲವನು ಎಂದು ಊರಲ್ಲಿ ಹೆಸರು. ಅವನು ಬರುವ ಹೊತ್ತಿಗೆ ಸುರುಳಿ ಸುತ್ತಿ ಮುಗಿದಿತ್ತು. ಮುಗಿದ ಕೆಲಸದ ಪುಟಗಳನ್ನು ಮತ್ತೆ ಯಾಕೆ ಓದಬೇಕೆಂದು ಅವನು ಮುಂದಿನ ಪುಟದಿಂದ ಶುರುಮಾಡಿದ. ಕಾಫಿ ಮಾತ್ರ ಮೊದಲ ಲೋಟದಿಂದಲೇ ಶುರುಮಾಡಿದ.

ಸೂರಿನಿಂದ ಹಿತ್ತಿಲ ತೆಂಗಿನ ಮರಕ್ಕೆ ತಂತಿ ಎಳೆದರು. ಬಚ್ಚಲ ಹಿಂದಿನ ತೇವದ ನೆಲಕ್ಕೆ ಇನ್ನೊಂದು ತಂತಿ ಹೂತರು. ವಿಭೂತಿ ಹಚ್ಚಿ, ಹೂವೇರಿಸಿ, ಗುಬುಟು ತಿರುಗಿಸಿದರು. ಪೆಟ್ಟಿಗೆ ಮೌನವಾಗಿತ್ತು. ನಮ್ಮ ಮನೆಯಲ್ಲಿ ಆ ಗುಣ ಇದ್ದದ್ದು ಅದಕ್ಕೊಂದಕ್ಕೇ.

ಆಷಾಢ ಹೋಯಿತು, ಶ್ರಾವಣ ಬಂತು. ದ್ರಾಕ್ಷಾಯಿಣಿ ಮೊದಲ ಸೋಮವಾರ ಟ್ರಂಕು ತುಂಬಿ ಇಟ್ಟಳು. ಎರಡನೆಯ ಸೋಮವಾರ ಅದನ್ನೇ ಬಿಚ್ಚಿ, ಬಿಸಿಲಿಗೆ ಹಾಕಿ, ಮತ್ತೆ ತುಂಬಿದಳು. ಅಷ್ಟರಲ್ಲಿ ನರಸಯ್ಯ ತೆಂಗಿನ ಮರವನ್ನು ದೂರಿದ. ತಂತಿಯನ್ನು ಹುಣಿಸೆ ಮರಕ್ಕೆ ಬದಲಿಸಿದರು. ನರಸಯ್ಯ ಬಚ್ಚಲ ನೆಲವನ್ನು ದೂರಿದ. ಬಾವಿಕಟ್ಟೆಯ ಹತ್ತಿರ ಹೂತರು. ಬ್ಯಾಟರಿಯನ್ನು ದೂರಿದ. ಹೊಸದು ಬಂತು. ಇನ್ನು ದೂರಲು ನವಗ್ರಹಗಳೇ ಉಳಿದವು, ಅವನ್ನು ದೂರಲು ಜೋಯಿಸರನ್ನು ಕರೆಸಿದರು. ಅವರು ಯಂತ್ರಕ್ಕೆ ಶನಿಯ ದೃಷ್ಟಿಯಿದೆ ಎಂದರು. ಯಂತ್ರಕ್ಕೆ ಇದ್ದರೆ ಎಳ್ಳೆಣ್ಣೆಯಲ್ಲಿ ಹೋಗುತ್ತಿತ್ತೋ ಏನೋ, ದೃಷ್ಟಿ ಇದ್ದದ್ದು ಹುಡುಗಿಗೆ.

ಬಾವಿಯ ಹತ್ತಿರ ಹೆಂಗಸರು ಅವಳ ಮುಖ ನೋಡಿ ನನ್ನನ್ನು ಕೇಳುತ್ತಿದ್ದರು. ಗೌರಿ ಹಬ್ಬ ಅಲ್ಲೋ ಇಲ್ಲೋ ಅಂತ. ಬೀಗರಲ್ಲಿ ಏನೋ ಆಗಿದೆಯಂತಲ್ಲ ಅಂತ. ಪೆಟ್ಟಿಗೆ ಕೆಟ್ಟಿದೆ ಎಂದು ನಾನು ನಿಜವನ್ನೇ ಹೇಳುತ್ತಿದ್ದೆ. ಯಾರೂ ನಂಬಲಿಲ್ಲ. ಸುಳ್ಳು ಹೇಳಿದ್ದರೆ ಕನಿಕರವಾದರೂ ಸಿಗುತ್ತಿತ್ತು.

ಬಸವಲಿಂಗಯ್ಯ ಗೂಡಿನ ವ್ಯಾಪಾರಕ್ಕೆ ಹೊಂಗನೂರಿಗೆ ಹೋಗುವ ದಿನಗಳಲ್ಲಿ ನಮ್ಮ ಬೀದಿಯನ್ನೇ ಸುತ್ತಿಕೊಂಡು ಹೋಗುತ್ತಿದ್ದ. ಒಳಗೆ ಬರುವಂತಿಲ್ಲ, ಅಪ್ಪ ಹೇಳಿಲ್ಲ. ಎದುರು ಮನೆಯ ಜಗುಲಿಯ ಹತ್ತಿರ ನಿಂತು ಸೂರಿನ ಮೇಲಿನ ತಂತಿಯನ್ನು ತಲೆಯೆತ್ತಿ ನೋಡುತ್ತಿದ್ದ. ಆ ತಂತಿಯ ಮೇಲೆ ಅವನಿಗಿದ್ದಷ್ಟು ಆಸಕ್ತಿ ವಿಲಾಯಿತಿಯ ವಿಜ್ಞಾನಿಗಳಿಗೂ ಇರಲಿಕ್ಕಿಲ್ಲ. ಒಳಗೆ ಕಿಟಕಿಯಲ್ಲಿ ದ್ರಾಕ್ಷಾಯಿಣಿ ಅಕ್ಕಿ ಆರಿಸುತ್ತಿದ್ದಳು. ಆ ಹೊತ್ತಿನಲ್ಲಿ ಅಕ್ಕಿಯಲ್ಲಿ ಕಲ್ಲು ಬಹಳ ಇರುತ್ತಿತ್ತು.

ಶ್ರಾವಣದ ಕೊನೆಯ ವಾರ ನರಸಯ್ಯ, ಬೇರೆ ದಾರಿಯಿಲ್ಲದೆ, ಕಾಗದವನ್ನು ಮೊದಲಿನಿಂದ ಓದಿದ. ಓದಿ, ಸುರುಳಿಯನ್ನು ಕೈಗೆತ್ತಿಕೊಂಡು, ಕಂಪನಿಯವರು ಭಾರಿ ಮೋಸ ಮಾಡಿದ್ದಾರೆ ಎಂದ. ರೇಷ್ಮೆ ಸುತ್ತಿದ ತಂತಿ ಕಳಿಸುತ್ತೇವೆ ಎಂದು ಬರೆದು ಬರೀ ತಾಮ್ರ ಕಳಿಸಿದ್ದಾರೆ. ಸುತ್ತುಗಳು ಒಂದಕ್ಕೊಂದು ತಗುಲಿದರೆ ವಿದ್ಯುತ್ತು ಸುತ್ತಿಕೊಂಡು ಹೋಗುವ ಬದಲು ಅಡ್ಡದಾರಿ ಹಿಡಿದು ಓಡಿಬಿಡುತ್ತದೆ. ಅದನ್ನು ತಡೆಯಲು ರೇಷ್ಮೆ ಇರಲೇಬೇಕಿತ್ತು. ಇವತ್ತೇ ತಕರಾರು ಬರೆಯೋಣ ಎಂದ.

ಬಾವನವರು ಸೂರಿನ ಹಂಚು ಎಣಿಸತೊಡಗಿದರು. ಅದೇ ಮೊದಲ ಸಲ ಅವರನ್ನು ನಾನು ಹಾಗೆ ಕಂಡದ್ದು. ಒಳಗಿನಿಂದ ಅವರ ಹೆಂಡತಿ ಚನ್ನಬಸಮ್ಮಕ್ಕ ಮಜ್ಜಿಗೆ ಕಡೆಯುತ್ತಲೇ ಹೇಳಿದಳು:

"ಅಂಗಡೀಲಿ ಮೊಳೆಗೆ ನೇತಾಕವ್ರಲ್ಲ ನರಸಯ್ಯ, ಅದೇ ಇರ್ಬೇಕು ನೋಡಪ್ಪ."

ರೇಷ್ಮೆ ಇಲ್ಲದೆಯೂ ನಡೆಯುತ್ತದೋ ಹೇಗೋ ಎಂದು ತಾವು ಪರೀಕ್ಷೆ ಮಾಡುತ್ತಿದ್ದುದಾಗಿಯೂ, ನಡೆಯುವುದಿಲ್ಲವೆಂದು ಈಗ ಖಚಿತವಾಯಿತೆಂದೂ ಬಾವನವರು ಸಾವಕಾಶವಾಗಿ ಹೇಳಿದರು. ಮತ್ತೆ ಸುತ್ತುವುದೇ ಆದರೆ ಆ ಜಪಾನಿನ ಕಸ ಬೇಡ, ನಮ್ಮ ಮೈಸೂರು ರೇಷ್ಮೆಯನ್ನೇ ಸುತ್ತಬೇಕು ಎಂದು ಅಪ್ಪಣೆ ಮಾಡಿ ಅಂಗಡಿಗೆ ಹೊರಟುಹೋದರು. ಸುತ್ತುವವರು ಯಾರು ಎಂದು ಹೇಳಲಿಲ್ಲ. ಅದು ಹೇಳುವಂಥ ವಿಷಯವೂ ಅಲ್ಲ.

ದ್ರಾಕ್ಷಾಯಿಣಿ ಸೆರಗು ಬಿಗಿದು ಕೊಟ್ಟಿಗೆಗೆ ನಡೆದಳು. ಮಜೀದಾ ಚರಕ ತಿರುಗಿಸುವುದು, ಇವಳು ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸುತ್ತಾ ಎಳೆಯನ್ನು ಪಕ್ಕಪಕ್ಕ ಕೂರಿಸುವುದು. ಎಳೆ ಜಾರುತ್ತಿತ್ತು, ತಂತಿ ಮುರುಟುತ್ತಿತ್ತು, ಬಿಚ್ಚಿ ಮತ್ತೆ ಶುರುಮಾಡುತ್ತಿದ್ದರು. ಎಷ್ಟೋ ಸಲ ಹಾಗೆ ಕೆಟ್ಟಿತು. ಊಟಕ್ಕೆ ಕರೆದರೆ ಹುಡುಗಿ ಏಳುತ್ತಿರಲಿಲ್ಲ.

"ಹುಳ ಆದ್ರೆ ತನ್ ಸುತ್ತ ತಾನೇ ಸುತ್ಕೊಂತದೆ ಬೇಟಿ. ಈ ತಂತಿಗೆ ಅಷ್ಟೂ ಬುದ್ಧಿಯಿಲ್ಲ" ಎಂದಳು ಮಜೀದಾ.

"ಹುಳಕ್ಕೆ ಬುದ್ಧಿ ಇದ್ದಿದ್ರೆ ನಮ್ಮಪ್ಪನ ಕೈಗೆ ಸಿಕ್ತಿತ್ತಾ?" ಎಂದಳು ದ್ರಾಕ್ಷಾಯಿಣಿ. ಆಷಾಢದಿಂದೀಚೆಗೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಹೊಸ ಸುರುಳಿ ಏರಿಸಿದ ಸಂಜೆ ಬಾವನವರು ಕಿವಿಜೋಡಿ ಹಾಕಿಕೊಂಡು ಕಣ್ಣುಮುಚ್ಚಿ ಕೂತರು. ಬಹಳ ಹೊತ್ತಾದ ಮೇಲೆ, ತಾವೇ ಅದನ್ನು ಹೆತ್ತವರ ಹಾಗೆ, ಮೈಸೂರು ಎಂದರು. ನಿಜವಾಗಿ ಪಿಟೀಲು ಕೇಳಿಸುತ್ತಿತ್ತಂತೆ. ಕಿವಿಜೋಡಿ ಅವರಿಂದ ನರಸಯ್ಯನಿಗೆ, ನರಸಯ್ಯನಿಂದ ನನ್ನ ಗಂಡನಿಗೆ, ಅಲ್ಲಿಂದ ಎದುರು ಮನೆಯವರಿಗೆ ಹೀಗೆ ಹಿರಿತನದ ಪ್ರಕಾರ ಬಂದು, ತಂತಿ ಸುತ್ತಿದವಳಿಗೆ ಸಿಗುವಷ್ಟರಲ್ಲಿ ಮೈಸೂರಿನವರು ಬಾಗಿಲು ಹಾಕಿಕೊಂಡು ಮನೆಗೆ ಹೋಗಿದ್ದರು.

ಮುಂದಿನ ಸೋಮವಾರ ಮಧ್ಯಾಹ್ನದ ಮೇಲೆ, ಮೈಸೂರಿನ ಕಾರ್ಯಕ್ರಮ ಇಲ್ಲದ ಹೊತ್ತಿನಲ್ಲಿ, ಮುಳ್ಳನ್ನು ಇಂಥ ಜಾಗಕ್ಕೆ ತಂದಿಟ್ಟುಕೊಂಡು ಕಾಯತಕ್ಕದ್ದು ಎಂದು ಬಾವನವರು ಬೀಗರಿಗೆ ಹೇಳಿಕಳಿಸಿದರು. ಗವಿಸಿದ್ದಯ್ಯನವರು ಅರ್ಧ ಕ್ಲೋಸ್‌ಪೇಟೆಯನ್ನು ಜಗುಲಿಗೆ ಕರೆದರಂತೆ, ಚನ್ನಪಟ್ಟಣದ ಮೌನವನ್ನು ಕೇಳಲು ಬನ್ನಿ ಎಂದು.

ಈ ಪಂದ್ಯದಲ್ಲಿ ಒಂದು ತೂತಿತ್ತು. ನಮ್ಮ ಪೆಟ್ಟಿಗೆಗೆ ಬಾಯಿಯೂ ಇತ್ತು, ಕಿವಿಯೂ ಇತ್ತು. ಅವರದಕ್ಕೆ ಕೇಳುವುದೊಂದೇ. ಕೇಳಿಸಿತೋ ಇಲ್ಲವೋ ಎಂದು ಹೇಳಬೇಕಾದವರು ಗವಿಸಿದ್ದಯ್ಯನವರೊಬ್ಬರೇ, ಕೇಳಿಸಿತು ಎಂದರೆ ಸೋಲುವವರೂ ಅವರೇ. ಇಬ್ಬರು ಮೇಧಾವಿಗಳಿಗೂ ಇದು ಹೊಳೆದಿರಲಿಲ್ಲ. ದ್ರಾಕ್ಷಾಯಿಣಿಗೆ ಹೊಳೆದಿತ್ತು. ಹಿಂದಿನ ದಿನ ನನ್ನ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಾ, "ಚಿಕ್ಕವ್ವ, ಮಾವ ಏನೂ ಕೇಳಿಸ್ನಿಲ್ಲ ಅಂದ್ಬುಟ್ರೆ?" ಎಂದು ಕೇಳಿದಳು. ನಾನು ಇನ್ನೊಂದು ಕಂತೆ ಬಿಚ್ಚಿದೆ. ಸೊಪ್ಪು ಬಿಡಿಸಿದೆವು.

ಸೋಮವಾರ ಬಾವನವರು ಜರಿ ರುಮಾಲು ಸುತ್ತಿ ಬಟ್ಟಲ ಮುಂದೆ ಕೂತರು. ಗಾಳಿಯಲ್ಲಿ ಹೋಗುವ ಮಾತಿಗೆ ರುಮಾಲು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೈಸ್ಕೂಲಿನ ಮೇಷ್ಟರ ಕೈಲಿ ಬರೆಸಿದ ಭಾಷಣ. "ಎಲೈ ಸಮಸ್ತ ಶ್ರೋತೃವರ್ಯರೇ" ಎಂದು ಹೊರಟು, ಪ್ರಭುಗಳಿಗೆ ಜಯಕಾರ ಹೇಳಿ, ಮೈಸೂರು ರೇಷ್ಮೆಯ ಘನತೆ, ಜಪಾನಿನ ನೀಚತನ, ತಮ್ಮ ವಂಶ, ತಮ್ಮ ಅಂಗಡಿ ಇರುವ ಬೀದಿ, ಎಲ್ಲ ಬಂತು. ಮಗಳ ಮಾತೊಂದು ಬರಲಿಲ್ಲ. ಓದಿ ಓದಿ ಗಂಟಲು ಒಣಗಿ, ನೀರು ಕುಡಿಯಲು ಅವರು ಎದ್ದು ಒಳಗೆ ಹೋದರು.

ಆ ಕಡೆ ನಡೆದದ್ದು ಆಮೇಲೆ ಬಸವಲಿಂಗಯ್ಯನಿಂದ ತಿಳಿಯಿತು. ದನಿಯೇನೋ ಲಕ್ಷಣವಾಗಿ ಬಂತಂತೆ. ಗವಿಸಿದ್ದಯ್ಯನವರು ಒಂದು ಕ್ಷಣ ಬೆವೆತು, ಆಮೇಲೆ ಜಗುಲಿಯವರಿಗೆ, ಇದು ಮೈಸೂರಿನ ಯಾವನೋ ಪಂಡಿತ, ನಮ್ಮ ಬೀಗರು ಹುಟ್ಟಿದಾಗಿನಿಂದ ಇಂಥ ಕನ್ನಡ ಆಡಿಲ್ಲ ಎಂದರಂತೆ. ಎಲ್ಲರೂ ಒಪ್ಪಿದರಂತೆ. ಒಪ್ಪದೆ ಇರುವುದು ಹೇಗೆ? ಆ ಭಾಷೆಯಲ್ಲಿ ಮಾತಾಡಿದರೆ ಬಾವನವರನ್ನು ಅವರ ಹೆಂಡತಿಯೂ ಗುರುತು ಹಿಡಿಯುತ್ತಿರಲಿಲ್ಲ.

ಇತ್ತ ಅಪ್ಪ ಎದ್ದ ಜಾಗಕ್ಕೆ ದ್ರಾಕ್ಷಾಯಿಣಿ ಬಂದು ಕೂತಳು. ನರಸಯ್ಯ ಬೇಡ ಬೇಡ ಎಂದು ಕೈಯಾಡಿಸಿದ. ಅವಳು ಬಟ್ಟಲನ್ನು ಕೈಗೆತ್ತಿಕೊಂಡು, ನೆಲ ನೋಡುತ್ತಾ ಹೇಳಿದಳು:

"ಮಾವಾ, ನಾನು, ದ್ರಾಕ್ಷಾಯಿಣಿ. ಮಾವನ ಎದ್ರುಗೆ ಸೊಸೆ ಬಾಯಿ ಬುಡಬಾರ್ದು ಅಂತಾರೆ. ನೀವು ಎದ್ರುಗಿಲ್ಲ, ಏಳೆಂಟು ಮೈಲಿ ದೂರ ಇದ್ದೀರಿ, ಅದ್ಕೇ ಮಾತಾಡ್ತೀನಿ. ದಿನಾ ರೇಡಿಯೋದಲ್ಲಿ ವೀಣೆ ಸುರುವಾಗೋ ಹೊತ್ಗೆ ನಿಮ್ಗೆ ಗೊರ್ಕೆ ಬತ್ತದೆ. ಬೆಳಿಗ್ಗೆ ಜಗುಲಿ ಮೇಲೆ ಹೇಳ್ಕೊಳೋಕೆ ಯಾವ್ ರಾಗ, ಯಾರ್ ಬಾರ್ಸಿದ್ರು ಅಂತ ಅತ್ತೆ ಕೈಲಿ ನನ್ನ ಕೇಳಿಸ್ತಿದ್ರಿ. ನಾನ್ ಬಂದು ಎರಡು ತಿಂಗ್ಳಾಯ್ತು. ಈಗ ಯಾರನ್ನ ಕೇಳ್ತಿದ್ದೀರಿ? ನನ್ನ ಕರ್ಕೊಂಡೋಗೋದು ನಿಮ್ಗೇ ಒಳ್ಳೇದು."

ಬಟ್ಟಲು ಕೆಳಗಿಟ್ಟು ಒಳಗೆ ಹೋಗಿ ಟ್ರಂಕಿನ ಮೇಲೆ ಕೂತಳು. ಚನ್ನಬಸಮ್ಮಕ್ಕ ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದು ಲೋಟ ಹಾಲು ಕೊಟ್ಟು, ಕುಡಿ ಎಂದಳು.

ಹೊತ್ತು ಇಳಿಯುವ ಮುಂಚೆ ನಮ್ಮ ಬಾಗಿಲಿಗೆ ಒಂದು ಜಟಕಾ ಬಂತು. ಕುದುರೆಯ ಬಾಯಲ್ಲಿ ನೊರೆ. ಗವಿಸಿದ್ದಯ್ಯನವರ ಬಾಯಲ್ಲೂ ಸುಮಾರಿಗೆ ಅದೇ. ಕೈಯಲ್ಲಿ ಎಲೆಯಿಲ್ಲ, ಅಡಿಕೆಯಿಲ್ಲ, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಹತ್ತಿರ ನಿಂತು ಕೇಳಿದರು:

"ನಾನು ಗೊರ್ಕೆ ಹೊಡೀತೀನಾ? ನಾನು? ಊರೋರೆಲ್ಲ ಕೂತವ್ರೆ, ಅವ್ರ ಮುಂದೆ ಆಡೋ ಮಾತಾ ಅದು?"

ಬಾವನವರಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಮಾತಾಡಿದ್ದು ಅವರಿಗೆ ಗೊತ್ತಿರಲಿಲ್ಲ, ನರಸಯ್ಯ ಹೇಳದೆ ಸ್ಟೇಷನ್ನಿಗೆ ಓಡಿದ್ದ. ಆದರೆ ಒಂದು ವಿಷಯ ಅವರಿಗೂ ತಿಳಿಯಿತು.

"ಅಂದ್ರೆ ಕೇಳಿಸ್ತಾ ಬೀಗ್ರೆ?"

"ಏನೂ ಕೇಳಿಸ್ನಿಲ್ಲ."

"ಕೇಳಿಸ್ದೆ ಗೊರ್ಕೆ ವಿಷ್ಯ ಎಲ್ಲಿಂದ ಬಂತು?"

"ಅದ್ ನಿಮ್ಮನ್ನ ನಾನ್ ಕೇಳ್ಬೇಕು."

ಒಳಗಿನಿಂದ ಚನ್ನಬಸಮ್ಮಕ್ಕನ ದನಿ ಬಂತು. "ಕೇಳಿಸ್ದೇ ಇದ್ರೆ ಕುದ್ರೆ ಯಾಕೆ ಹಂಗ್ ಬೆವರ್‌ತಾ ಐತೆ, ಒಸಿ ಕೇಳಿ."

ಅಲ್ಲಿಗೆ ಇಬ್ಬರೂ ನಡುಮನೆಯಲ್ಲಿ ಕೂತರು. ಕೇಳಿಸಿದ್ದು ಸೊಸೆಯ ದನಿ, ಪಂದ್ಯ ಇದ್ದದ್ದು ಬೀಗರ ದನಿಗೆ, ಆದ್ದರಿಂದ ತಾವು ಸೋತಿಲ್ಲ ಎಂದರು ಗವಿಸಿದ್ದಯ್ಯನವರು. ಯಂತ್ರ ತಮ್ಮದು, ಮಗಳೂ ತಮ್ಮವಳು, ಆದ್ದರಿಂದ ದನಿಯೂ ತಮ್ಮದೇ ಎಂದರು ಬಾವನವರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ, ದನಿ ನಮ್ಮ ಮನೆಯದು ಎಂದರು ಅವರು. ಹಾಗಾದರೆ ನಿಮ್ಮ ಮನೆಯ ದನಿಯನ್ನು ನೀವೇ ಒಯ್ಯಿರಿ ಎಂದರು ಇವರು. ಒಯ್ಯಲು ಬಂದಿಲ್ಲ, ಕೇಳಲು ಬಂದೆ ಎಂದರು ಅವರು. ನನಗೆ ಯಾರ ಪಕ್ಷವೂ ಸೋತಂತೆ ಕಾಣಲಿಲ್ಲ.

ಬೀದಿಯ ಕಡೆ ಇಣುಕಿದರೆ ಜಟಕಾದ ಒಳಗೆ ಬಸವಲಿಂಗಯ್ಯ ಕೂತಿದ್ದ. ಇಳಿ ಎಂದು ಅಪ್ಪ ಹೇಳಿರಲಿಲ್ಲ.

ಚನ್ನಬಸಮ್ಮಕ್ಕ ಕುಂಕುಮ ಇಟ್ಟು, ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದಳು. ನಾನೂ ಮಜೀದಾಳೂ ಟ್ರಂಕಿನ ಎರಡು ಕಿವಿ ಹಿಡಿದು ಹಿತ್ತಿಲ ಬಾಗಿಲಿನಿಂದ ಸುತ್ತಿ ತಂದೆವು. ದ್ರಾಕ್ಷಾಯಿಣಿ ನಡುಮನೆಯ ಬಾಗಿಲಲ್ಲಿ ನಿಂತು ಇಬ್ಬರಿಗೂ ನೆಲಮುಟ್ಟಿ ನಮಸ್ಕಾರ ಮಾಡಿದಳು. ಇಬ್ಬರೂ ಮಾತು ನಿಲ್ಲಿಸದೆ ಕೈಯೆತ್ತಿ ಆಶೀರ್ವಾದ ಮಾಡಿದರು.

"ಅಪ್ಪಾವ್ರು?" ಎಂದು ಜಟಕಾದೊಳಗಿಂದ ಬಸವಲಿಂಗಯ್ಯ ಕೇಳಿದ.

"ಅವ್ರ ಮಾತು ಮುಗ್ದಿಲ್ಲ. ಅವ್ರಿಗೆ ರೈಲೈತೆ" ಎಂದು ದ್ರಾಕ್ಷಾಯಿಣಿ ಅವನ ಪಕ್ಕದಲ್ಲಿ ಕೂತು, ಜಟಕಾದವನಿಗೆ ಹೊರಡು ಎಂದಳು.

ಗವಿಸಿದ್ದಯ್ಯನವರು ಹೊರಗೆ ಬಂದಾಗ ಬೀದಿಯಲ್ಲಿ ಕುದುರೆಯ ಲದ್ದಿ ಮಾತ್ರ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಸಂಜೆಯ ರೈಲಿಗೆ ನಡೆದರು. ವಾದ ಅರ್ಧಕ್ಕೆ ನಿಂತಿತ್ತಾದ್ದರಿಂದ ಬಾವನವರೂ ಜೊತೆಗೆ ಹೊರಟರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಮಾತು ಯಂತ್ರದವನದೋ ಆಡಿದವನದೋ ಎಂದು ಇಬ್ಬರೂ ಚರ್ಚೆ ಮಾಡುತ್ತಿದ್ದ ಹಾಗೆಯೇ ರೈಲು ಬಂದು, ನಿಂತು, ಹೋಯಿತೆಂದು ಮರುದಿನ ನರಸಯ್ಯ ಹೇಳಿದ. ಅವನು ಎರಡು ಸಲ ಗಂಟೆ ಹೊಡೆಸಿದನಂತೆ.

ಆ ರಾತ್ರಿ ಇತ್ತ ಮನೆಯಲ್ಲಿ ಚನ್ನಬಸಮ್ಮಕ್ಕ ಒಲೆಯ ಮುಂದೆ ಕೂತಿದ್ದಳು. ಬೀದಿಯ ತಿರುವಿನಲ್ಲಿ ಇಬ್ಬರ ದನಿ ಒಟ್ಟಿಗೆ ಕೇಳಿಸಿದ ಕೂಡಲೇ ಎಸರಿಗೆ ಇನ್ನೊಂದು ಬೊಗಸೆ ಅಕ್ಕಿ ಹಾಕಿದಳು.